ಪ್ರಶ್ನೆಯ ಮೊದಲರ್ಧ

ವಾಸನೆ ಬರುತ್ತಿರಲಿಲ್ಲ. ಬಂದಿದ್ದರೆ ಒಂದು ಥರ ನೆಮ್ಮದಿಯಾಗುತ್ತಿತ್ತು. ಬಂತಲ್ಲ, ಇಷ್ಟೇ ತಾನೆ ಎಂದು ಮೂಗನ್ನು ಅದಕ್ಕೆ ಒಗ್ಗಿಸಿಕೊಂಡು ಕೂತಿರಬಹುದಿತ್ತು. ಬಾರದ ವಾಸನೆಗೆ ಕಾಯುತ್ತ ಕೂರುವುದೇ ಅವಳಿಂದ ಆಗುತ್ತಿರಲಿಲ್ಲ. ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಯಾರೇ ಬಂದು ಕೂರಲಿ, ಅವಳ ಮೂಗು ಅವಳನ್ನು ಕೇಳದೆ ಮುಂದಕ್ಕೆ ಹೋಗಿ, ಅವರ ಅಂಗಿಯ ಕೆಳಗುಂಡಿಯ ಹತ್ತಿರ ನಿಂತು, ಕಳ್ಳನಾಯಿಯ ಹಾಗೆ ಮೂಸಿ ಹಿಂದಿರುಗುತ್ತಿತ್ತು. ಅಲ್ಲಿ ಏನೂ ಇರುತ್ತಿರಲಿಲ್ಲ. ಸೋಪಿನ ವಾಸನೆ, ಇಸ್ತ್ರಿಯ ವಾಸನೆ, ಕೆಲವರು ಹೆದರಿ ಅತಿಯಾಗಿ ಬಳಿದುಕೊಂಡು ಬಂದ ಸೆಂಟಿನ ವಾಸನೆ. ಆ ಸೆಂಟು ಅವಳಿಗೆ ಎಲ್ಲಕ್ಕಿಂತ ಕೆಟ್ಟದಾಗಿ ಹೊಡೆಯುತ್ತಿತ್ತು, ಯಾಕೆಂದರೆ ಅದು ಏನನ್ನೋ ಮುಚ್ಚಲು ಹಾಕಿದ್ದು. ಮೇಜಿನ ಮೇಲಿದ್ದ ಕೈ ತೊಳೆಯುವ ದ್ರವವನ್ನು ಅಂಗೈಗೆ ಒತ್ತಿಕೊಂಡು, ಮೂಗು ತುರಿಸಿಕೊಳ್ಳುವವಳ ಹಾಗೆ ಬೆರಳನ್ನು ಮೇಲುತುಟಿಗೆ ಸವರಿಕೊಳ್ಳುವುದು ಅವಳು ಈ ಕೋಣೆಯಲ್ಲಿ ಕಲಿತ ವಿದ್ಯೆ. ಮೊದಲು ಇದು ಹಾಸಿಗೆಬಟ್ಟೆ ತುಂಬಿಡುವ ಕೋಣೆಯಾಗಿತ್ತಂತೆ. ಕಿಟಕಿ ಇರಲಿಲ್ಲ. ಬಾಗಿಲನ್ನು ತೆರೆದಿಡೋಣವೆಂದರೆ ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಒಳಗಿನ ಮಾತಿಗೆ ಕಿವಿ ಕೊಡುತ್ತಿದ್ದರು.

ಈ ದಿನ ಅವಳ ಮನಸ್ಸು ಕೋಣೆಯಲ್ಲಿರದೆ ಮೇಲಿನ ಮಹಡಿಯ ಹೆಂಗಸರ ವಾರ್ಡಿನಲ್ಲಿತ್ತು. ಅಲ್ಲಿ ಅಕ್ಕ ಮಲಗಿದ್ದಳು. ನಾಳೆ ಬೆಳಿಗ್ಗೆ ಅವಳಿಗೆ ಆಪರೇಷನ್. ಮಧ್ಯಾಹ್ನ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದಾಗ ಅಕ್ಕ ಒಂದು ಮಾತು ಹೇಳಿಬಿಡಬೇಕಿತ್ತು: ಚೀಲವೋ, ಜೋಡಣೆಯೋ. ಗಡ್ಡೆ ದೊಡ್ಡ ಕರುಳಿನ ಕಟ್ಟಕಡೆಗೆ, ಹೊರಬಾಗಿಲ ಹತ್ತಿರವೇ ಹೊಸ್ತಿಲು ಕಾಯುವವನ ಹಾಗೆ ಕೂತಿತ್ತು. ಕಿರಣ ಕೊಟ್ಟು, ಔಷಧಿ ಏರಿಸಿ ಕುಗ್ಗಿಸಿಯಾಗಿತ್ತು. ಇನ್ನು ತೆಗೆಯಬೇಕು. ಬಾಗಿಲ ಸಮೇತ ತೆಗೆದು, ಆ ಜಾಗವನ್ನು ಹೊಲಿದು ಮುಚ್ಚಿ, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರಕ್ಕೆ ತಂದು ಚೀಲ ಅಂಟಿಸುವುದು ಒಂದು ದಾರಿ. ಚೀಲ ಸಾಯುವ ತನಕ. ಗಡ್ಡೆಯಿದ್ದ ಭಾಗವನ್ನಷ್ಟೇ ಕತ್ತರಿಸಿ, ಉಳಿದ ಚೋಟುದ್ದದ ತುದಿಗೆ ಮೇಲಿನ ಕರುಳನ್ನು ಎಳೆದು ತಂದು ಜೋಡಿಸುವುದು ಇನ್ನೊಂದು. ಹೊರಗೆ ಏನೂ ಕಾಣುವುದಿಲ್ಲ, ಆದರೆ ಜೋಡಣೆ ಸೋರಬಹುದು, ಸೋರದಿದ್ದರೂ ಹಿಡಿತ ತಪ್ಪಿ ದಿನವಿಡೀ ಕಕ್ಕಸಿಗೆ ಓಡುತ್ತಿರಬೇಕಾಗಬಹುದು. ಅಕ್ಕನ ಕ್ಯಾನ್ಸರಿನ ಮಟ್ಟಿಗೆ ಎರಡೂ ಒಂದೇ ಎಂದಿದ್ದರು. ಬದುಕುವುದರ ಮಟ್ಟಿಗೆ ಯಾವುದು ಮೇಲು ಎನ್ನುವುದು ಹೊಟ್ಟೆ ಕೊಯ್ಯುವವರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯಲೆಂದೇ ಈ ಅಧ್ಯಯನ, ಈ ಕೋಣೆ, ಅವಳ ಸಂಬಳ. ಕತ್ತಿ ಹಿಡಿಯುವವರು ಮೇಲೆ ಕೆಲಸ ಮುಗಿಸಿ ಕಳಿಸುತ್ತಿದ್ದರು. ತಿಂಗಳುಗಳು ಕಳೆದ ಮೇಲೆ ಆ ಜನ ಅವಳ ಮುಂದೆ ಬಂದು ಕೂರುತ್ತಿದ್ದರು, ಬರಲಾಗದವರಿಗೆ ಅವಳು ಫೋನು ಮಾಡುತ್ತಿದ್ದಳು. ಊಟ, ನಿದ್ದೆ, ನೋವು, ಹೆಂಡತಿ, ಗಂಡ, ನಾಚಿಕೆ, ಎಲ್ಲದರ ಬಗ್ಗೆ ಕೇಳುತ್ತಿದ್ದಳು. ಉತ್ತರಕ್ಕೆ ನಾಲ್ಕೇ ಮೆಟ್ಟಿಲು. ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ. ಮನುಷ್ಯನ ಸಂಕಟ ಈ ನಾಲ್ಕು ಮೆಟ್ಟಿಲಲ್ಲಿ ಎಲ್ಲಿಯಾದರೂ ಒಂದು ಕಡೆ ಕೂರಲೇಬೇಕು.

ಬೆಳಿಗ್ಗೆ ಗಂಡ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ, ತಟ್ಟೆಯನ್ನೇ ನೋಡುತ್ತ, "ನಾನೇನೂ ಬೇಡ ಅಂತಿಲ್ಲ. ನಿನ್ನಕ್ಕ ಬೇರೆ ಎಲ್ಲಿಗೆ ಹೋಗ್ತಾಳೆ, ನಮ್ಮನೇಗೇ ಬರ್ಲಿ. ಆದ್ರೆ ಇರೋದು ಒಂದು ಬಚ್ಚಲು, ನೋಡು" ಎಂದಿದ್ದ. ಇನ್ನೊಂದು ಬ್ರೆಡ್ಡು ಎತ್ತಿಕೊಂಡು, "ಜೋಡಣೆ ಅಂತಾದ್ರೆ ಒಳ್ಳೇದು, ಅವಳಿಗೇನೇ" ಎಂದು ಸೇರಿಸಿದ್ದ. ಬೆಣ್ಣೆ ಮೆತ್ತಗಾಗಿ, ಹಳದಿಯಾಗಿ, ಚಾಕುವಿನ ಅಂಚಿಗೆ ಮುದ್ದೆಗಟ್ಟಿತ್ತು. ಅವಳು ತಟ್ಟೆಯನ್ನು ದೂರ ತಳ್ಳಿದಳು. ಇವನು ಎಂಥ ಮನುಷ್ಯ ಎಂದು ಹೇಸಲು ಹೋಗಿ, ಅವನು ಹೇಳಿದ್ದೆಲ್ಲ ರಾತ್ರಿಯಿಂದ ತಾನು ಮನಸ್ಸಿನಲ್ಲಿ ಉರುಹೊಡೆದದ್ದೇ ಎಂದು ಹೊಳೆದು, ಹೇಸಿಕೆ ದಾರಿ ತಪ್ಪಿ ಅವಳ ಮೇಲೇ ಬಂದು ಬಿದ್ದಿತ್ತು. ಪಾಪ, ಅವನು ಬಾಯಿಬಿಟ್ಟು ಹೇಳಿದ, ಅಷ್ಟೇ ವ್ಯತ್ಯಾಸ. ಅಕ್ಕನ ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅಕ್ಕನಿಗೆ ಇದ್ದದ್ದು ಕೋರ್ಟಿನ ಬೆರಳಚ್ಚಿನ ಕೆಲಸ ಮತ್ತು ಇವಳು.

"ಬರಬಹುದಾ ಮೇಡಂ?" ಎಂದು ಕೇಳುತ್ತ, ಉತ್ತರಕ್ಕೆ ಕಾಯದೆ ಒಳಬಂದವರು ಡ್ರೈವಿಂಗ್ ಮೇಷ್ಟ್ರು. ಮೂವತ್ತು ವರ್ಷ ಊರಿನವರಿಗೆಲ್ಲ ಕಾರು ಕಲಿಸಿದ ಮನುಷ್ಯ. ಎಡಗಿವಿ ಮಂದ, ಗಂಟಲು ದೊಡ್ಡದು. ಚೀಲ ಹಾಕಿಸಿಕೊಂಡು ವರ್ಷ ದಾಟಿತ್ತು. ಹಿಂದೆಯೇ ಅವರ ಹೆಂಡತಿ, ಕೈಚೀಲವನ್ನು ಎದೆಗವಚಿಕೊಂಡು, ಗಂಡ ಎಲ್ಲಿ ಏನು ಆಡಿಬಿಡುತ್ತಾನೋ ಎಂದು ಮೊದಲೇ ನಾಚಿಕೊಂಡ ಮುಖ. ಮೇಷ್ಟ್ರು ಕೂರುತ್ತಲೇ ಹೊಟ್ಟೆಯ ಎಡಭಾಗವನ್ನು, ಬಾನೆಟ್ ತಟ್ಟುವ ಹಾಗೆ, ಎರಡು ಸಲ ತಟ್ಟಿದರು. ಅಂಗಿಯ ಕೆಳಗೆ ಏನೋ ಚರಚರ ಎಂದಿತು. ಅವಳ ಕಣ್ಣು ತಟ್ಟನೆ ಕಂಪ್ಯೂಟರಿನ ಪರದೆಗೆ ಹೋಯಿತು.

ಊಟ ಸರಿ, ನಿದ್ದೆ ಸರಿ, ನೋವು ಇಲ್ಲ. ನಂತರ ಆ ಪ್ರಶ್ನೆ ಬಂತು. ಚೀಲವಿರುವವರಿಗೆ ಮಾತ್ರ ಕೇಳುವ ಪ್ರಶ್ನೆ ಅದು. ಅದು ಬರುವ ಮುಂಚೆ ಅವಳ ನಾಲಿಗೆ ಒಣಗುತ್ತಿತ್ತು, ಈ ಸಲವೂ ಒಣಗಿತು. ತುಟಿ ಒದ್ದೆ ಮಾಡಿಕೊಂಡು, ಪರದೆಯನ್ನು ನೋಡುತ್ತ, ಅದೇನೋ ಗೊಣಗಿ, "...ಹೇಸಿಗೆ ಬರುತ್ತಾ?" ಎಂದಳು.

"ಆಂ?"

"ಹೇಸಿಗೆ ಬರುತ್ತಾ?"

"ಓಹೋ! ಬರುತ್ತೆ, ಬರುತ್ತೆ. ಚೆನ್ನಾಗಿ ಬರುತ್ತೆ. ಬ್ರೇಕೇ ಇಲ್ಲ!" ಮೇಷ್ಟ್ರು ನಕ್ಕರು. "ಬೆಳಿಗ್ಗೆ ಒಂದು ಟ್ರಿಪ್ಪು, ಊಟ ಆದ್ಮೇಲೆ ಒಂದು ಟ್ರಿಪ್ಪು. ಈ ವಯಸ್ಸಲ್ಲಿ ನನ್ನ ಜೊತೆಯವರು ಗುಳಿಗೆ ನುಂಗಿ ನುಂಗಿ ಮುಕ್ಕರಿತಾ ಕೂತಿದಾರೆ. ನಂದು ಟಾಪ್ ಗೇರು."

ಅವಳ ಬೆರಳು 'ತುಂಬಾ' ಎನ್ನುವುದರ ಮೇಲೆ ನಿಂತಿತ್ತು. ಒತ್ತಲಿಲ್ಲ. ಬೆರಳಿಗೆ ಮೊದಲು ತಿಳಿಯಿತೋ, ತಲೆಗೆ ಮೊದಲು ತಿಳಿಯಿತೋ ಅವಳಿಗೆ ಗೊತ್ತಾಗಲಿಲ್ಲ.

"ರೀ," ಹೆಂಡತಿ ಗಂಡನ ಸರಿಯಿರುವ ಕಿವಿಯ ಕಡೆ ಬಾಗಿ, "ಅವರು ಕೇಳಿದ್ದು ಅದಲ್ಲ ಅನ್ಸುತ್ತೆ" ಎಂದರು. ಆಮೇಲೆ ಇವಳ ಕಡೆ ತಿರುಗಿ, ಕ್ಷಮೆ ಕೇಳುವ ದನಿಯಲ್ಲಿ, "ಹೋದ ಸಲಾನೂ ಹೀಗೇ ಹೇಳಿದ್ರು ಮೇಡಂ. ನೀವು ಏನೂ ಅನ್ನಲಿಲ್ಲ. ಸರಿ ಇರಬಹುದು ಅಂತ ನಾನೂ ಸುಮ್ಮನಾದೆ."

"ಮತ್ತೆ ಇನ್ನೇನು ಕೇಳಿದ್ರು?" ಮೇಷ್ಟ್ರು ಗಟ್ಟಿಯಾಗಿ ಕೇಳಿದರು. ಹೊರಗಿನ ಬೆಂಚು ನಿಶ್ಶಬ್ದವಾಯಿತು.

ಅವಳು ಪರದೆಯ ಮೇಲಿದ್ದ ವಾಕ್ಯವನ್ನು ಇಡಿಯಾಗಿ ಓದಿದಳು. "ನಿಮ್ಮ ದೇಹವನ್ನು ನೋಡಿಕೊಂಡಾಗ ನಿಮಗೆ ಹೇಸಿಗೆ ಬರುತ್ತದೆಯೇ?" ಮೊದಲರ್ಧವನ್ನು ಹೀಗೆ ಬಾಯಿ ತೆರೆದು ಆಡಿದ್ದು ಇದೇ ಮೊದಲೇನೋ ಎನ್ನಿಸಿತು. ಮೇಷ್ಟ್ರು ಕ್ಷಣ ಅವಳನ್ನೇ ನೋಡಿದರು, ನಂತರ ಹೆಂಡತಿಯನ್ನು. "ನನ್ನ ಮೈ ಕಂಡ್ರೆ ನನಗ್ಯಾಕೆ ಹೇಸಿಗೆ? ಇವಳಿಗೆ ಬಂದ್ರೆ ಬರಬೇಕು, ಮದುವೆಯಾದ ದಿನದಿಂದ" ಎಂದರು. ಹೆಂಡತಿ "ಥೂ, ಸುಮ್ನಿರಿ" ಎಂದು ಅವರ ತೋಳಿಗೆ ಹೊಡೆದರು. ಇಬ್ಬರೂ ನಗುತ್ತಿದ್ದರು. ಅವಳು ಕೂಡ ನಕ್ಕಳು, ತುಟಿ ಒಣಗಿ ಹಲ್ಲಿಗೆ ಅಂಟಿಕೊಂಡಿತು.

ಆ ಪದವನ್ನು ಆರಿಸಿದ್ದು ಅವಳೇ. ಪ್ರಶ್ನೆಗಳು ಬೇರೆ ದೇಶದಿಂದ ಬೇರೆ ಭಾಷೆಯಲ್ಲಿ ಬಂದಿದ್ದವು. ಭಾಷೆ ಓದಿದವಳು ಎಂದೇ ಅವಳನ್ನು ಈ ಕೆಲಸಕ್ಕೆ ತೆಗೆದುಕೊಂಡಿದ್ದರು. ಜೊತೆಗೆ ಕೂತಿದ್ದ ನಿವೃತ್ತ ಪಂಡಿತರು ಕಣ್ಣು ಮುಚ್ಚಿ 'ಜುಗುಪ್ಸೆ' ಎಂದಿದ್ದರು. ಜುಗುಪ್ಸೆ ಅಂದರೆ ಹೊಟ್ಟೆ ಕೊಯ್ಸಿಕೊಂಡವರಿಗೆ ಏನು ತಿಳಿಯುತ್ತೆ ಸಾರ್, ಅವರು ಅದನ್ನು ಇನ್ನೊಂದು ಕಾಯಿಲೆ ಅಂದುಕೊಳ್ತಾರೆ ಎಂದು ಅವಳು ತಮಾಷೆ ಮಾಡಿದ್ದಳು. 'ಅಸಹ್ಯ' ಸಪ್ಪೆ, ತಲೆ ಬಾಚಿಕೊಳ್ಳದಿದ್ದರೂ ಅಸಹ್ಯವೇ. 'ಹೇಸಿಗೆ' ಎಂದಾಗ ಮಾತ್ರ ಬಾಯಿಗೆ ರುಚಿಯೇ ಬಂದಿತ್ತು. ಮೈಯಿರುವ ಮಾತು. ನಿಯಮದ ಪ್ರಕಾರ ಇನ್ಯಾರೋ ಅವಳ ವಾಕ್ಯವನ್ನು ಮತ್ತೆ ಮೂಲ ಭಾಷೆಗೆ ತಿರುಗಿಸಿ ನೋಡಿದ್ದರು. ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ ಹಿಂದಿರುಗಿತ್ತು. ಹಿಂದಿರುಗದೆ ಏನು? ಹಾಳೆಯ ಮೇಲೆ ವಾಕ್ಯ ಪೂರ್ತಿಯಾಗಿತ್ತು. ಹಾಳೆಗೆ ಮೂಗಿಲ್ಲ. ನಮ್ಮ ಮಾತಿನಲ್ಲಿ ಹೇಸುವುದಕ್ಕೂ ಹೇತದ್ದಕ್ಕೂ ಅದೊಂದೇ ಪದ ಸಾಕು, ಎಳೆಯ ಮಗು ಹಾಸಿಗೆಯಲ್ಲಿ ಮಾಡಿಕೊಂಡರೂ ಹೇಸಿಗೆ, ಕಂಡು ಮುಖ ತಿರುಗಿಸಿದರೂ ಹೇಸಿಗೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಅದಕ್ಕೇ ಅಲ್ಲವೆ ರುಚಿ ಬಂದದ್ದು. ಅದಕ್ಕಾಗಿಯೇ ಮುಂದೆ ಒಂದು ಕಾವಲು ಇಟ್ಟಿದ್ದಳು: ನಿಮ್ಮ ದೇಹವನ್ನು ನೋಡಿಕೊಂಡಾಗ. ಆ ಕಾವಲನ್ನೇ ಅವಳು ದಿನವೂ ನುಂಗುತ್ತಿದ್ದಳು. ದೇಹ ಎಂದರೆ ಕಣ್ಣು ಆ ಕಡೆ ಹೋಗುತ್ತದೆ, ನೋಡಿಕೊಂಡಾಗ ಎಂದರೆ ತಾನೂ ನೋಡಿದಂತಾಗುತ್ತದೆ. ಗಂಟಲಲ್ಲೇ ಒಂದು ಗೊಣಗು, ಆಮೇಲೆ ಬಾಲ ಮಾತ್ರ ಹೊರಗೆ. ವಾರ್ಡಿನಲ್ಲಿ ನರ್ಸುಗಳು ಬಂದಾಗಲೆಲ್ಲ ಬಂತಾ, ಬಂತಾ ಎಂದು ಕೇಳಿ ಕೇಳಿ, ಬಂದರೆ ಬದುಕಿದೆ ಎಂದು ತಿಳಿದ ಜನ ಆ ಬಾಲವನ್ನು ಹಿಡಿದು ಇನ್ನೇನು ಹೇಳಿಯಾರು?

ಮೇಷ್ಟ್ರು ಹೋದ ಮೇಲೆ ಮುಂದಿನವರನ್ನು ಕರೆಯದೆ, ಬಾಗಿಲು ಹಾಕಿಕೊಂಡು ಕೂತಳು. ಕಳೆದ ತಿಂಗಳುಗಳ ಮುಖಗಳು ಒಂದೊಂದಾಗಿ, ಆಗ ಅವಳು ನೋಡದೆ ಬಿಟ್ಟಿದ್ದ ಮುಖಗಳು, ಈಗ ಎದುರಿಗೆ ಬಂದು ಕೂತವು. ಮೊದಲು ತುಂಬಾ ಬರ್ತಿತ್ತು, ಈಗ ಸ್ವಲ್ಪ ಗಟ್ಟಿಯಾಗಿದೆ ಮೇಡಂ ಎಂದಿದ್ದ ಪೋಸ್ಟ್ ಆಫೀಸಿನ ಹೆಂಗಸು. ಮನಸ್ಸು ಗಟ್ಟಿಯಾಗಿದೆ ಎಂದುಕೊಂಡು ಇವಳು ತಲೆದೂಗಿದ್ದಳು. ಸಾಕಷ್ಟು ಎಂದು ಸಮಾಧಾನದಿಂದ ಹೇಳಿ ಹೆಂಡತಿಯ ಕಡೆ ನೋಡಿ ಮುಗುಳ್ನಕ್ಕಿದ್ದ ಪಾದ್ರಿಯಂಥ ಮನುಷ್ಯ. ಇವರಿಗೆ ತಮ್ಮ ಮೈ ಕಂಡರೆ ಸಾಕಷ್ಟು ಹೇಸಿಗೆ, ಆದರೂ ಎಷ್ಟು ಶಾಂತ ಎಂದು ಮನೆಗೆ ಹೋಗಿ ಗಂಡನ ಹತ್ತಿರ ಹೇಳಿದ್ದಳು. ಎಷ್ಟು ಚೆಂದದ ದುಃಖಗಳನ್ನು ಅವಳು ಅವರಿಗೆ ಹೊಲಿದು ಹಾಕಿದ್ದಳು. ನಂತರ ಫೋನಿನಲ್ಲಿ ಆ ದನಿ. ಗ್ಯಾರೇಜಿನಲ್ಲಿ ಬಣ್ಣ ಹೊಡೆಯುವವನು. ಹೇಸಿಗೆ ಬರುತ್ತಾ ಎಂದಿದ್ದಕ್ಕೆ, "ಇಲ್ಲ ಮೇಡಂ, ಮೊನ್ನೆಯಿಂದ ಬಂದೇ ಇಲ್ಲ" ಎಂದು ತಗ್ಗಿದ ದನಿಯಲ್ಲಿ ಹೇಳಿ, ಏನೋ ಕೇಳಲು ಕಾದಿದ್ದ. ಅವಳು 'ಇಲ್ಲವೇ ಇಲ್ಲ' ಒತ್ತಿ, "ತುಂಬಾ ಒಳ್ಳೇದು" ಎಂದು ಮುಂದಿನ ಪ್ರಶ್ನೆಗೆ ಹೋಗಿದ್ದಳು. ಮಾರನೆಯ ವಾರ ಅವನನ್ನು ಹೊಟ್ಟೆ ಊದಿಸಿಕೊಂಡ ಸ್ಥಿತಿಯಲ್ಲಿ ತಂದು, ಕಟ್ಟಿಹೋದ ಕರುಳನ್ನು ಬಿಡಿಸಲು ಎರಡನೆಯ ಸಲ ಕೊಯ್ದರು. ಬದುಕಿದ. ಕಾರಿಡಾರಿನಲ್ಲಿ ಸಿಕ್ಕಾಗ ಕೈಮುಗಿದು, "ನೀವು ಅವತ್ತು ಒಳ್ಳೇದು ಅಂದ್ರಲ್ಲ ಮೇಡಂ, ಅದಕ್ಕೇ ಧೈರ್ಯವಾಗಿ ತಡ್ಕೊಂಡು ಕೂತಿದ್ದೆ" ಎಂದಿದ್ದ. ಅವಳು ಅದನ್ನು ಹೊಗಳಿಕೆ ಎಂದು ತಿಳಿದು ಮನೆಗೆ ಒಯ್ದಿದ್ದಳು.

ಕೆಳಮಹಡಿಯ ಸಿಬ್ಬಂದಿಯ ಬಚ್ಚಲಿಗೆ ಹೋಗಿ ಕೈತೊಳೆಯುವ ಬೇಸಿನ್ನಿನ ಅಂಚು ಹಿಡಿದು ಬಾಗಿದಳು. ಏನೂ ಬರಲಿಲ್ಲ. ಬೆಳಿಗ್ಗೆ ತಿಂದಿದ್ದರೆ ತಾನೆ. ಕನ್ನಡಿಯಲ್ಲಿ ಬಾಯಿ ತೆರೆದ ಹೆಂಗಸು, ಮೂಗಿನ ಕೆಳಗೆ ದ್ರವ ಸವರಿ ಸವರಿ ಸುಲಿದು ಕೆಂಪಾದ ಚರ್ಮ. ಇಷ್ಟು ಹೊತ್ತೂ ತಲೆಯಲ್ಲಿ ಒಂದು ಕಡೆ ಯಾರೋ ಲೆಕ್ಕ ಹಾಕುತ್ತಿದ್ದರು, ಮೆತ್ತಗೆ, ಬೆಣ್ಣೆ ಹಚ್ಚಿದ ಹಾಗೆ. ಈಗಲೇ ಹೇಳಬೇಕೆಂದೇನೂ ಇಲ್ಲ. ದೊಡ್ಡ ಡಾಕ್ಟರು ವಾರದ ಹಿಂದೆ ಇಡೀ ವಿಭಾಗದವರನ್ನು ಸೇರಿಸಿ, ಚೀಲವಿರುವ ನಾಲ್ಕು ಜನರಲ್ಲಿ ಮೂವರಿಗೆ ತಮ್ಮ ಮೈ ಕಂಡರೆ ಹೇಸಿಗೆ ಎಂದು ಚಿತ್ರ ಹಾಕಿ ತೋರಿಸಿದ್ದರು. ಅವಳನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ದರು. ಅಕ್ಕನಿಗೂ ಅದನ್ನೇ ಹೇಳುತ್ತಾರೆ. ಅಕ್ಕ ಜೋಡಣೆ ಎನ್ನುತ್ತಾಳೆ. ಆಪರೇಷನ್ ಮುಗಿಯಲಿ, ಆಮೇಲೆ ನಿಧಾನವಾಗಿ, ಒಂದೊಂದೇ ಹೆಸರು ತೆಗೆದು, ಎಲ್ಲರನ್ನೂ ಮತ್ತೆ ಕೇಳಿ ಸರಿ ಮಾಡಬಹುದು. ಯಾರಿಗೂ ನಷ್ಟವಿಲ್ಲ. ಮನೆಯಲ್ಲಿ ಚೀಲವಿರುವುದಿಲ್ಲ. ಆ ಮೆತ್ತಗಿನ ಲೆಕ್ಕದ ದನಿ ಗಂಡನದೆಂದು ಹೇಳಿಕೊಳ್ಳಲು ನೋಡಿದಳು. ಆದರೆ ದನಿ ಅವಳದೇ, ಪ್ರಶ್ನೆ ಕೇಳುವಾಗಿನ ದನಿ, ಮೊದಲರ್ಧ ನುಂಗಿಕೊಂಡದ್ದು.

ಅಕ್ಕ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ ಬೆರಳಚ್ಚು ಮಾಡುವವಳು. ಸಾಕ್ಷಿ ಮಾತಾಡುತ್ತಿರುವಾಗ ಅವಳು ಎದ್ದು ಹೋಗುವ ಹಾಗಿಲ್ಲ. ನ್ಯಾಯಾಧೀಶರು ಬೇಕಾದರೆ ಕೆಮ್ಮುತ್ತ ಒಳಗೆ ಹೋಗಿ ಬರಬಹುದು, ವಕೀಲರು ಫೋನು ನೋಡಬಹುದು, ಅಕ್ಕ ಮಾತ್ರ ಅಲ್ಲಾಡಬಾರದು. ಎಷ್ಟೋ ವರ್ಷ ನೀರು ಕುಡಿಯದೆ ಕೂತು ರೂಢಿ ಮಾಡಿಕೊಂಡಿದ್ದಳು. ಮೊದಲು ರಕ್ತ ಕಂಡಾಗಲೂ ಕುರ್ಚಿಯ ದೋಷ, ಮೂಲವ್ಯಾಧಿ ಎಂದುಕೊಂಡು ಕೂತೇ ಇದ್ದಳು. ಹೀಗೆ ಕೂರುವುದೇ ಜೀವನವಾದವಳನ್ನು ದಿನಕ್ಕೆ ಹತ್ತಾರು ಸಲ ಓಡುವವಳನ್ನಾಗಿ ಮಾಡಿದರೆ ಆ ಕುರ್ಚಿ ಉಳಿಯುತ್ತದೆಯೆ ಎಂದು ಇವಳು ಯೋಚಿಸಿರಲಿಲ್ಲವೆಂದಲ್ಲ. ಯೋಚನೆ ಬಂದಾಗಲೆಲ್ಲ ನಾಲ್ಕರಲ್ಲಿ ಮೂವರು ಎನ್ನುವುದನ್ನು ಅದರ ಮೇಲೆ ಎಳೆದು ಮುಚ್ಚಿದ್ದಳು.

ಅವಳು ವಾರ್ಡಿಗೆ ಹೋಗುವಷ್ಟರಲ್ಲಿ ರೌಂಡ್ಸು ಅಕ್ಕನ ಮಂಚಕ್ಕೆ ಬಂದಿತ್ತು. ದೊಡ್ಡ ಡಾಕ್ಟರು, ಅವರ ಹಿಂದೆ ಅರ್ಧಚಂದ್ರಾಕಾರದಲ್ಲಿ ಕಲಿಯುವ ಡಾಕ್ಟರುಗಳು, ಎಲ್ಲರ ಕೊರಳಲ್ಲೂ ಒಂದೇ ಥರದ ಸ್ಟೆತಾಸ್ಕೋಪು. ಅಕ್ಕ ದಿಂಬಿಗೆ ಒರಗಿ ನೆಟ್ಟಗೆ ಕೂತಿದ್ದಳು, ಹೇಳಿಕೆ ಬರೆದುಕೊಳ್ಳಲು ಕೂತವಳ ಹಾಗೆ.

"ಇಗೋ ಬಂದ್ರು ನೋಡಿ," ದೊಡ್ಡ ಡಾಕ್ಟರು ಇವಳನ್ನು ಕಂಡು ಕೈ ಚಾಚಿದರು. "ನಾವು ಬಾಯಿಗೆ ಬಂದ ಹಾಗೆ ಹೇಳೋರಲ್ಲ ಅಮ್ಮಾ. ಕೇಳಿ, ತಿಳಿದು ಹೇಳ್ತಿದೀವಿ. ಚೀಲ ಇರೋ ನಾಲ್ಕು ಜನದಲ್ಲಿ ಮೂರು ಜನಕ್ಕೆ ತಮ್ಮ ಮೈ ಕಂಡ್ರೆ ತಮಗೇ ಹೇಸಿಗೆ. ನನ್ನ ಮಾತಲ್ಲ ಇದು, ನಿಮ್ಮ ತಂಗಿ ಕೆಲಸ."

"ಹೇಸೋದ್ರಲ್ಲಿ ಅವಳದು ಎತ್ತಿದ ಕೈ ಡಾಕ್ಟ್ರೇ," ಅಕ್ಕ ಹೇಳಿದಳು. "ಚಿಕ್ಕೋಳಿದ್ದಾಗ ಹಾಲಿನ ಕೆನೆ ಕಂಡ್ರೆ ಎದ್ದು ಓಡ್ತಿದ್ಲು." ಕಲಿಯುವ ಡಾಕ್ಟರುಗಳು ನಕ್ಕರು. ಅಕ್ಕ ನಗದೆ ಇವಳ ಕಡೆ ನೋಡಿ, "ಹೌದೇನೆ? ಹಾಗೆ ಹೇಳಿದ್ರಾ ಅವರೆಲ್ಲ?" ಎಂದಳು.

ಹೌದು ಎನ್ನಲು ಒಂದೇ ಉಸಿರು ಸಾಕಿತ್ತು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಪಕ್ಕದ ಮಂಚದ ಮುದುಕಿಯೂ ಚಾದರ ಸರಿಸಿ ನೋಡುತ್ತಿದ್ದಳು.

"ಇಲ್ಲ," ಎಂದಳು. ದನಿ ಬೇಡದಷ್ಟು ಗಟ್ಟಿಯಾಗಿ ಬಂತು. "ಅವರು ಹೇಳಿದ್ದು ಅದಲ್ಲ. ಹೇಸಿಗೆ ಬರುತ್ತಾ ಅಂದ್ರೆ ಅವರು... ಕಕ್ಕಸು. ಕಕ್ಕಸು ಬರುತ್ತಾ ಅಂತ ತಿಳ್ಕೊಂಡು ಹೇಳಿದಾರೆ. ತುಂಬಾ ಅಂದ್ರೆ ಅದು ತುಂಬಾ ಬರುತ್ತೆ ಅಂತ. ಚೆನ್ನಾಗಿದೀವಿ ಅಂತ."

ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಿಂದ ನಗು ಸೋರಿಸಿದರು. ಒಬ್ಬ ಕೆಮ್ಮಿದ. ದೊಡ್ಡ ಡಾಕ್ಟರ ಮುಖ ಬದಲಾಗಲಿಲ್ಲ, ಕಿವಿಯ ತುದಿ ಮಾತ್ರ ಕೆಂಪಾಯಿತು.

"ಎಲ್ಲರೂನಾ?"

"ಗೊತ್ತಿಲ್ಲ ಸಾರ್. ಎಲ್ಲರನ್ನೂ ಮತ್ತೆ ಕೇಳ್ಬೇಕು. ನಾನು ಪ್ರಶ್ನೆ ಸರಿಯಾಗಿ ಕೇಳಿಲ್ಲ."

"ಭಾಷೆ ಅಂದ್ಮೇಲೆ ಅಷ್ಟಿಷ್ಟು ಇದ್ದೇ ಇರುತ್ತೆ." ಅವರು ತಮ್ಮ ಶಿಷ್ಯರಿಗೆ ಹೇಳುವ ಹಾಗೆ ಹೇಳಿದರು. ಮತ್ತೆ ತಗ್ಗಿದ ದನಿಯಲ್ಲಿ, "ಇದನ್ನ ನನ್ನ ಕೋಣೇಲಿ ಬಂದು ಹೇಳಬಹುದಿತ್ತು. ರೋಗಿ ಎದುರಿಗೆ ಅಲ್ಲ" ಎಂದರು. ಆ 'ಕೋಣೇಲಿ' ಎನ್ನುವ ಮಾತಿನಲ್ಲಿ ಅವಳ ಕೆಲಸ, ಚಪ್ಪಾಳೆ, ಬರಲಿದ್ದ ಬಡ್ತಿ ಎಲ್ಲ ಒಂದು ಸಲ ಬಾಗಿಲ ಹಿಂದೆ ಹೋಗಿ ನಿಂತದ್ದು ಅವಳಿಗೆ ಕಂಡಿತು. ಅವರು ಅಕ್ಕನ ಕಡೆ ತಿರುಗಿದರು. "ಏನೇ ಇರಲಿ ಅಮ್ಮಾ, ನನ್ನ ಅಭಿಪ್ರಾಯ ಜೋಡಣೇನೇ."

"ಜೋಡಿಸಿದ್ರೆ, ಸಾಕ್ಷಿ ಮಾತಾಡ್ತಿರೋವಾಗ ನಾನು ಎದ್ದು ಓಡ್ಬೇಕಾಗುತ್ತಾ?"

"ಮೊದಮೊದಲು ಆಗಬಹುದು."

"ಮೊದಮೊದಲು ಅಂದ್ರೆ ಎಲ್ಲಿ ತನಕ?"

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಕೆಲವರಿಗೆ ಕೊನೇತನಕ" ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ಸಂಜೆಯೊಳಗೆ ಸಿಸ್ಟರಿಗೆ ಹೇಳಿಬಿಡಿ, ಚೀಲದ ಜಾಗ ಗುರುತು ಮಾಡಬೇಕಾದರೆ ಇವತ್ತೇ ಮಾಡಬೇಕು ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು. ಅರ್ಧಚಂದ್ರ ಅವರ ಹಿಂದೆ ಸರಿಯಿತು. ಹೋಗುವಾಗ ಒಬ್ಬಳು ಹುಡುಗಿ ಇನ್ನೊಬ್ಬಳ ಕಿವಿಯಲ್ಲಿ "ಚೆನ್ನಾಗಿದೀವಿ" ಎಂದದ್ದೂ ಇಬ್ಬರ ಭುಜ ಕುಲುಕಿದ್ದೂ ಅವಳ ಕಣ್ಣಿಗೆ ಬಿತ್ತು. ಬೀಳದೆ ಇರಲು ಅವಳ ಕಣ್ಣಿಗೆ ಬರುತ್ತಿರಲಿಲ್ಲ.

ಅಕ್ಕ ಕಾಲು ಸರಿಸಿ ಜಾಗ ಮಾಡಿ, "ಕೂತ್ಕೋ. ಯಾಕೆ ಕಂಬದ ಹಾಗೆ ನಿಂತಿದೀಯ" ಎಂದಳು. ಇವಳು ಮಂಚದ ತುದಿಗೆ ಕೂತಳು. ಚಾದರದ ಮೇಲೆ ಒಂದು ಕಂದು ಕಲೆ, ಚಹಾವೋ ಏನೋ. ಅದರಿಂದ ದೂರ ಸರಿದು ಕೂತಳು. ಅಕ್ಕ ಅದನ್ನು ನೋಡಿದಳು.

"ನಿನ್ನ ಗಂಡ ಏನಂದ?"

"ಏನೂ ಇಲ್ಲ."

"ಸುಳ್ಳು ಬೊಗಳ್ಬೇಡ. ಒಂದೇ ಬಚ್ಚಲು ಅಂದಿರ್ತಾನೆ. ಅಂದ್ರೆ ತಪ್ಪೇನಿಲ್ಲ, ಇರೋದೇ ಒಂದು." ಅಕ್ಕ ಕಾಲು ಮಡಿಸಿಕೊಂಡಳು. ಕಿರಣ ಕೊಟ್ಟ ಮೇಲೆ ಅವಳಿಗೆ ಒಂದೇ ಕಡೆ ಕೂರಲು ನೋವಾಗುತ್ತಿತ್ತು. "ಇಷ್ಟು ದಿನ ನಾನೂ ಜೋಡಣೆ ಅಂತಾನೇ ಇದ್ದೆ. ಅಷ್ಟೊಂದು ಜನ ಹೇಸ್ಕೋತಾರೆ ಅಂದ್ಮೇಲೆ, ನಾನೇನು ಮೇಲಿಂದ ಇಳಿದು ಬಂದೋಳಾ ಅಂತ. ಈಗ ನೀನು ಬಂದು ಅವರೆಲ್ಲ ಚೆನ್ನಾಗಿ ಹೇತ್ಕೊಂಡು ಆರಾಮಾಗಿದಾರೆ ಅಂತೀಯ." ನಗು ಬಂದು, ನಗಲು ಹೋಗಿ, ನೋವಿಗೆ ಹುಬ್ಬು ಗಂಟಿಕ್ಕಿದಳು. "ನಂಗೆ ಆ ಕುರ್ಚಿ ಬೇಕು ಕಣೇ. ಬೇರೆ ಏನೂ ಬೇಡ. ಕೂತಲ್ಲಿ ಕೂತಿರಬೇಕು. ಅದಕ್ಕೆ ಚೀಲಾನೇ ಸರಿ. ಆದ್ರೆ ಮೊದಲಿಗೆ ಒಂದಷ್ಟು ದಿನ ನನ್ನ ಕೈಲಿ ಆಗಲ್ಲ. ಬಗ್ಗಕ್ಕಾಗಲ್ಲ, ನೋಡಕ್ಕಾಗಲ್ಲ. ಅವತ್ತು ನೀನು ಕೈ ಹಾಕ್ತೀಯಾ?"

"ನಂಗೆ ಹೇಸಿಗೆ ಆಗುತ್ತೆ ಅಕ್ಕ."

ಹೇಳಿಬಿಟ್ಟಿದ್ದಳು. ಪಕ್ಕದ ಮುದುಕಿ ಚಾದರವನ್ನು ಮುಖದ ಮೇಲೆ ಎಳೆದುಕೊಂಡಳು.

"ಅದನ್ನ ಕೇಳ್ಲಿಲ್ಲ," ಅಕ್ಕ ಹೇಳಿದಳು. "ಕೈ ಹಾಕ್ತೀಯಾ ಅಂತ ಕೇಳ್ದೆ."

"ಹಾಕ್ತೀನಿ" ಎಂದಳು. ಆ ಮಾತು ನಿಜವೋ ಸುಳ್ಳೋ ಅವಳಿಗೇ ತಿಳಿದಿರಲಿಲ್ಲ. ಅಕ್ಕ ಅದನ್ನು ಹೇಳಿದ ಹಾಗೇ ತೆಗೆದುಕೊಂಡು, ಕರೆಗಂಟೆ ಒತ್ತಿದಳು.

ಚೀಲದ ಸಿಸ್ಟರು ಎಂದೇ ಎಲ್ಲರೂ ಕರೆಯುವ ದಪ್ಪನೆಯ ಹೆಂಗಸು ಪರದೆ ಎಳೆದುಕೊಂಡು ಒಳಬಂದರು. ಒಂದು ಕ್ಷಣವೂ ಸುಮ್ಮನಿರದ ಕೈ, ಸುಮ್ಮನಿರದ ಬಾಯಿ. "ಮಲಗಿ. ಹಾಂ. ಈಗ ಕೂತ್ಕೊಳ್ಳಿ. ಬಗ್ಗಿ. ನಿಂತ್ಕೊಳ್ಳಿ. ಮಡಿಕೆ ಬೀಳೋ ಕಡೆ ಬೇಡ, ಸೊಂಟದ ಪಟ್ಟಿ ಬರೋ ಕಡೆ ಬೇಡ, ನಿಮ್ಮ ಕಣ್ಣಿಗೆ ಕಾಣ್ಬೇಕು. ಕಾಣದ ಕಡೆ ಕರುಳಿನ ಬಾಯಿ ಇಟ್ರೆ ಆಮೇಲೆ ಕನ್ನಡಿ ಹಿಡ್ಕೊಂಡು ಸರ್ಕಸ್ಸು. ಏನು ಕೆಲಸ ಮಾಡ್ತೀರ? ಬೆರಳಚ್ಚಾ? ಹಾಗಾದ್ರೆ ಆ ಥರಾನೇ ಕೂತ್ಕೊಳ್ಳಿ, ಕೆಲಸ ಮಾಡೋ ಹಾಗೆ." ಅಕ್ಕ ಮಂಚದ ಅಂಚಿಗೆ ಬಂದು ಕೂತು, ನಿಲುವಂಗಿಯನ್ನು ಎದೆಯವರೆಗೆ ಎತ್ತಿಕೊಂಡು ಗಲ್ಲದ ಕೆಳಗೆ ಸಿಕ್ಕಿಸಿ, ಎರಡೂ ಕೈ ಗಾಳಿಯಲ್ಲಿ ಚಾಚಿದಳು. ಬೆರಳುಗಳು ತಾವಾಗಿಯೇ ಬಾಗಿದವು. ಅವಳ ಹೊಟ್ಟೆ ಬಿಳಿಚಿ, ಜೋಲಿ, ಕೆಳಗೆ ಕಿರಣ ತಾಗಿ ಕಪ್ಪಗಾದ ಚರ್ಮ. ಇವಳು ಅಕ್ಕನ ಹೊಟ್ಟೆಯನ್ನು ನೋಡಿರಲಿಲ್ಲ, ಯಾರ ಹೊಟ್ಟೆಯನ್ನೂ ಹೀಗೆ ನೋಡಿರಲಿಲ್ಲ. ಸಿಸ್ಟರು ಹೊಕ್ಕುಳಿನ ಎಡಕ್ಕೆ, ಕೆಳಗೆ, ಒತ್ತಿ ಒತ್ತಿ ನೋಡಿ ಒಂದು ಜಾಗದಲ್ಲಿ ನಿಂತರು. "ಇದೇ. ಕಾಣುತ್ತಾ?"

"ಕಾಣುತ್ತೆ," ಅಕ್ಕ ಬಗ್ಗಿ ನೋಡಿದಳು.

ಸಿಸ್ಟರು ಜೇಬಿನಿಂದ ಪೆನ್ನು ತೆಗೆದು ಗೀಚಿದರು. ಬರೆಯಲಿಲ್ಲ. "ಇದೂ ಒಣಗಿ ಸತ್ತಿದೆ. ಮೇಡಂ, ನೀವಿಲ್ಲಿ ಬೆರಳಿಡಿ. ಇಲ್ಲೇ. ಅಲ್ಲಾಡಿಸ್ಬೇಡಿ, ಮತ್ತೆ ಮೊದಲಿಂದ ಹುಡುಕ್ಬೇಕು. ಬೇರೆ ಪೆನ್ನು ತಂದೆ" ಎಂದು ಅವಳ ಕೈಹಿಡಿದು, ತೋರುಬೆರಳನ್ನು ಅಕ್ಕನ ಹೊಟ್ಟೆಯ ಮೇಲೆ ಒತ್ತಿಟ್ಟು ಹೊರಟರು. ಹೊರಗೆ ಅವರನ್ನು ಯಾರೋ ಫೋನಿಗೆ ಕರೆದದ್ದೂ, ಅವರು ನಗುತ್ತ ಮಾತು ಶುರುಮಾಡಿದ್ದೂ ಪರದೆಯ ಆಚೆಯಿಂದ ಕೇಳಿಸಿತು.

ಚರ್ಮ ಬೆಚ್ಚಗಿತ್ತು, ಸ್ವಲ್ಪ ಬೆವರಿತ್ತು. ಬೆರಳು ಅದರಲ್ಲಿ ಕುಳಿಯಾಗಿ ಇಳಿದಿತ್ತು. ನಾಳೆ ಇದೇ ಜಾಗದಲ್ಲಿ ತೂತು, ಕೆಂಪಗೆ ಒದ್ದೆಯಾದ ಬಾಯಿ, ಅದರಿಂದ... ಬೆರಳಿನ ಕೆಳಗೆ ಏನೋ ಗುಳುಗುಳು ಎಂದು ಹೊರಳಿ, ಹಾದು ಹೋಯಿತು. ಬೆಳಿಗ್ಗೆಯಿಂದ ಬಾರದೆ ಉಳಿದದ್ದು ಇವಳ ಹೊಟ್ಟೆಯ ತಳದಿಂದ ಏಳತೊಡಗಿತು. ತುಟಿ ಬಿಗಿಹಿಡಿದಳು. ಬಾಯಲ್ಲಿ ಕಹಿ ನೀರು.

ಅಕ್ಕ ಇನ್ನೂ ಕೈ ಚಾಚಿಯೇ ಕೂತಿದ್ದಳು. ತಲೆಯೆತ್ತಿ ಇವಳ ಮುಖ ನೋಡಿದಳು. "ವಾಂತಿನಾ?"

ಇವಳು ಹೌದೆಂದು ತಲೆಯಾಡಿಸಿದಳು.

"ಮಾಡ್ಕೋ. ಮಂಚದ ಕೆಳಗೆ ಬೋಗುಣಿ ಇದೆ, ಕಾಲಲ್ಲಿ ಎಳ್ಕೋ," ಅಕ್ಕ ಹೇಳಿದಳು. "ಬೆರಳು ಮಾತ್ರ ತೆಗೀಬೇಡ."

ಅವಳು ಕಾಲಿನಿಂದ ತಡಕಿ ಬೋಗುಣಿಯನ್ನು ಎಳೆದುಕೊಂಡಳು, ಮುಖವನ್ನು ಪಕ್ಕಕ್ಕೆ ತಿರುಗಿಸಿ ಬಾಗಿದಳು. ಹಳದಿ ನೀರು ಬಂತು, ಮತ್ತೆ ಬಂತು, ಮೂಗಿನಿಂದಲೂ ಬಂತು. ಅಕ್ಕ ಒಂದು ಕೈಯನ್ನು ಇಳಿಸಿ, ತಂಗಿಯ ಕೂದಲನ್ನು ಹಿಂದಕ್ಕೆ ಹಿಡಿದುಕೊಂಡು, "ಸ್ವಲ್ಪ ಮೇಲಕ್ಕೆ ಜಾರಿದೆ ನೋಡು, ಕೆಳಗೆ ತಾ" ಎಂದಳು.

ಅವಳು ಬೆರಳನ್ನು ಕೆಳಗೆ ತಂದಳು.